ಹಳೇ ಮನೆಯ ಮರದ ನೆಲದಡಿ ಇನ್ಸುಲೇಷನ್: ಏರ್ ಬ್ರಿಕ್ ಮುಚ್ಚಿದರೆ ಸಾಲದೇ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ವಿಕ್ಟೋರಿಯನ್ ಕಾಲದ ಸಾಲುಮನೆ. ಕೋಣೆ 4.2 × 3.6 ಮೀಟರ್. ತೊಲೆಗಳ ಎತ್ತರ 100 ಮಿ.ಮೀ., ದಪ್ಪ 50, ನಡುವಿನ ಸಂದು 350. ಕೆಳಗೆ ತೆವಳಲೂ ಜಾಗವಿಲ್ಲ. ಚಳಿಗಾಲದಲ್ಲಿ ಹಲಗೆ ಸಂದಿಯಿಂದ ಗಾಳಿ ಸುಯ್ಯೆನ್ನುತ್ತೆ. ಗೋಡೆಬುಡದ ಏರ್ ಬ್ರಿಕ್ (ಗಾಳಿಯಾಡಲು ತೂತಿರೋ ಇಟ್ಟಿಗೆ) ಮುಚ್ಚಿಬಿಡಲೇ? ಇಲ್ಲಾಂದ್ರೆ ಚಳಿ ತಡೆಯೋಕೆ ತೊಲೆಗಳ ನಡುವೆ ಫೋಮ್ ಬೋರ್ಡ್ ಹಾಕಲಾ, ಮಿನರಲ್ ವೂಲ್ (ಕಲ್ಲು ಅಥವಾ ಗಾಜಿನ ನಾರಿನ ಮೆತ್ತೆ) ಹಾಕಲಾ?

ಉತ್ತರ 1: ಏರ್ ಬ್ರಿಕ್ ಮುಚ್ಚಲೇಬೇಡಿ. ಮಣ್ಣಿಂದ ಏಳೋ ತೇವವನ್ನು ಹೊರಗೆ ಸಾಗಿಸೋದು ಆ ಗಾಳಿಯೇ. ಅದು ನಿಂತರೆ ಗೋಡೆಯೊಳಗೆ ಹೂತಿರೋ ತೊಲೆಯ ತುದಿ ಮೊದಲು ಕೊಳೆಯುತ್ತೆ.

ಹಳೇ ತೊಲೆ ಒಂದೂ ನೇರ ಇರಲ್ಲ. ಬೋರ್ಡ್ ಪಕ್ಕದಲ್ಲಿ ಸಂದು ಉಳಿದೇ ಉಳಿಯುತ್ತೆ. ಹಾಗಾಗಿ 100 ಮಿ.ಮೀ. ವೂಲ್ ವಾಸಿ.

ಸ್ಕರ್ಟಿಂಗ್ (ಗೋಡೆಬುಡದ ಪಟ್ಟಿ) ತೆಗೆದು, ಹಲಗೆಗಳ ಹಿಂಬದಿಗೆ ನಂಬರ್ ಬರೆದು ಬಿಚ್ಚಿ. ತೊಲೆ ತುದಿಗೆ ತೇವಾಂಶ ಮೀಟರ್ ಚುಚ್ಚಿ ನೋಡಿ. 20% ದಾಟಿದ್ದರೆ ಕೆಲಸ ನಿಲ್ಲಿಸಿ, ಮೊದಲು ತೇವದ ಮೂಲ ಹುಡುಕಿ. ಆಮೇಲೆ ಉಸಿರಾಡುವ ಮೆಂಬ್ರೇನನ್ನು (ತೇವದ ಆವಿ ದಾಟಿಹೋಗುವ ತೆಳು ಹಾಳೆ) ತೊಲೆಗಳ ಮೇಲಿಂದ ಜೋಲಿಯಂತೆ ಇಳಿಬಿಟ್ಟು, ಪಕ್ಕಗಳಿಗೆ ಸ್ಟೇಪಲ್ ಹೊಡೆಯಿರಿ. ಜೋಲಿಯ ಆಳ ಸರಿಯಾಗಿ 100 ಇರಲಿ. 120 ಆದರೆ ವೂಲ್ ಕುಸಿದು, ಹಲಗೆಯಡಿ 2 ಸೆಂ.ಮೀ. ಪೊಳ್ಳು ಉಳಿಯುತ್ತೆ, ಆ ಪೊಳ್ಳಿನಲ್ಲಿ ತಣ್ಣನೆ ಗಾಳಿ ಹರಿದರೆ ಕೆಳಗಿನ ವೂಲ್ ಇದ್ದೂ ಇಲ್ಲದಂತೆ. ವೂಲನ್ನು 365 ಅಗಲಕ್ಕೆ ಕತ್ತರಿಸಿ, ಪಕ್ಕಗಳಿಗೆ ಬಿಗಿಯಾಗಿ ಕೂರಿಸಿ, ಮೇಲಿಂದ ಅಮುಕಬೇಡಿ.

ಲೆಕ್ಕ: ತೊಲೆ ಬಿಟ್ಟು ವೂಲ್ 13.2 ಚ.ಮೀ., 14 ತನ್ನಿ. ಮೆಂಬ್ರೇನ್ ಜೋಲಿಯ ಇಳಿವು ಸೇರಿ 23, ಅಂಚುಗಳು ಒಂದರ ಮೇಲೊಂದು ಬರೋಕೆ ಇನ್ನೆರಡು.

ಉತ್ತರ 2: ಮೇಲಿನದು ಸರಿ, ಆದರೆ ಸುಯ್ಯೆನ್ನೋ ಗಾಳಿಗೆ ವೂಲ್ ಅಡ್ಡಿಯಾಗಲ್ಲ. ವೂಲ್ ತುಂಬಿದ ಮೇಲೆ ತೊಲೆಗಳ ಮೇಲೆ ಗಾಳಿ ತಡೆಯುವ ಇನ್ನೊಂದು ಮೆಂಬ್ರೇನ್ ಹಾಸಿ, ಅಂಚನ್ನು ಗೋಡೆಗೆ ಮಡಚಿ ಟೇಪ್ ಮಾಡಿ, ಆಮೇಲೆ ಹಲಗೆ ಕೂರಿಸಿ. ಸ್ಕರ್ಟಿಂಗ್ ಆ ಅಂಚನ್ನು ಮುಚ್ಚುತ್ತೆ. ಕೆಳಗಡೆ ಮಾತ್ರ ಪ್ಲಾಸ್ಟಿಕ್ ಹಾಳೆ ಬೇಡ, ತೇವ ವೂಲೊಳಗೆ ಸಿಕ್ಕಿಕೊಳ್ಳುತ್ತೆ.

ವೂಲ್ ಕೆಳಗೆ 150 ಮಿ.ಮೀ.ನಷ್ಟಾದರೂ ಖಾಲಿ ಜಾಗ ಬಿಡಿ. ನೆಲ ಬೆಚ್ಚಗಾದ ಮೇಲೆ ಅಡಿಯ ಜಾಗ ಮೊದಲಿಗಿಂತ ತಣ್ಣಗಾಗುತ್ತೆ. ಅಲ್ಲಿರೋ ನೀರಿನ ಪೈಪುಗಳಿಗೆ ಮೊದಲೇ ಚಳಿ ತಡೆಯೋ ಕವಚ ತೊಡಿಸಿ, ಇಲ್ಲಾಂದ್ರೆ ಹೆಪ್ಪುಗಟ್ಟಿ ಒಡೀತವೆ. ವಿದ್ಯುತ್ ಒಲೆ, ವಿದ್ಯುತ್ ಶವರ್‌ನ ದಪ್ಪ ಕೇಬಲ್ ವೂಲಿನಲ್ಲಿ ಹೂತರೆ ಬಿಸಿಯಾಗುತ್ತೆ, ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಪ್ರಶ್ನೆ: ಸ್ಪ್ರೇ ಫೋಮ್ (ಸಿಂಪಡಿಸಿದರೆ ಉಬ್ಬಿ ಗಟ್ಟಿಯಾಗೋ ನೊರೆ) ಒಂದೇ ದಿನದ ಕೆಲಸ ಅಂತಾರಲ್ಲ?

ಉತ್ತರ 1: ಬೇಡ. ತೊಲೆಗೆ ಅಂಟಿ ಕೂರುತ್ತೆ, ಒಳಗೆ ಕೊಳೆತರೂ ಕಾಣಲ್ಲ. ಮುಂದೆ ಮನೆ ಮಾರುವಾಗ ಕೆಲವು ಬ್ಯಾಂಕುಗಳು ಕೊಳ್ಳುವವರಿಗೆ ಸಾಲ ಕೊಡೋಕೆ ತಕರಾರು ಮಾಡ್ತವೆ.