ಅಂಟಿಕೊಂಡ ನಾಯಿಗಳು ಮತ್ತು ದೊಡ್ಡಪ್ಪನ ಫಾರ್ವರ್ಡ್

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಶಿಡ್ಲಘಟ್ಟ, ಚಿಂತಾಮಣಿ, ಬೆಂಗಳೂರು ಅಂತ ಚದುರಿದವರೆಲ್ಲ ಇದ್ದಾರೆ. ರೇಷ್ಮೆಗೂಡಿನ ರೇಟು, ಹುಟ್ಟುಹಬ್ಬ ಬಿಟ್ಟರೆ ಅಲ್ಲಿ ಬೇರೆ ಮಾತು ಕಡಿಮೆ. ಕಾರ್ತಿಕದ ಒಂದು ಭಾನುವಾರ ಮಾತ್ರ ಹೀಗಾಯಿತು.

ದೊಡ್ಡಪ್ಪ: (ಫಾರ್ವರ್ಡ್) ನಾಯಿಗಳು ಒಂದಕ್ಕೊಂದು ಅಂಟಿಕೊಂಡರೆ ನೋವಿನಿಂದ ಒದ್ದಾಡುತ್ತವೆ. ಕೂಡಲೇ ತಣ್ಣೀರು ಸುರಿದು ಬಿಡಿಸಿ. ಮೂಕ ಪ್ರಾಣಿಯ ಪುಣ್ಯ ಕಟ್ಟಿಕೊಳ್ಳಿ. ಹತ್ತು ಜನಕ್ಕೆ ಕಳಿಸಿ.

ಚಿಕ್ಕಪ್ಪ: ಬೆಳಿಗ್ಗೆ ತಾನೇ ಒಂದು ಬಕೆಟ್ ಸುರಿದೆ ಅಣ್ಣ 🙏

ತಂಗಿ: ದೊಡ್ಡಪ್ಪ, ಇದು ಪೂರ್ತಿ ತಪ್ಪು. ಮುಂದಕ್ಕೆ ಕಳಿಸಬೇಡಿ. ಚಿಕ್ಕಪ್ಪ, ನೀವೂ ಸುರಿಯಬೇಡಿ.

ಅತ್ತೆ: ಗುಂಪಿನಲ್ಲಿ ಮಕ್ಕಳಿದ್ದಾರೆ. ಈ ವಿಷಯ ಇಲ್ಲಿ ಬೇಕಾ?

ತಂಗಿ: ಬೀದಿಯಲ್ಲಿ ಆ ನಾಯಿಗಳಿಗೆ ಕಲ್ಲು ಹೊಡೆಯುವುದೇ ಮಕ್ಕಳು ಅತ್ತೆ. ಅದಕ್ಕೇ ಬೇಕು.

ತಂಗಿ ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದಿದವಳು. ದೊಡ್ಡಪ್ಪ ರಿಟೈರ್ಡ್ ಮೇಷ್ಟ್ರು. ಇಬ್ಬರೂ ಸುಲಭಕ್ಕೆ ಸೋಲುವವರಲ್ಲ.

ದೊಡ್ಡಪ್ಪ: ಅವು ಕಿರುಚುವುದನ್ನು ನಾನೇ ಕಣ್ಣಾರೆ ನೋಡಿದ್ದೇನಮ್ಮ. ನೋವಿಲ್ಲದೆ ಕಿರುಚುತ್ತವಾ?

ತಂಗಿ: ಸುತ್ತ ಜನ ನಿಂತು ಓಡಿಸಿದಾಗ ಕಿರುಚುತ್ತವೆ. ಒಂದು ಎಳೆದರೆ ಇನ್ನೊಂದಕ್ಕೆ ನೋವು. ಸುಮ್ನೆ ಬಿಟ್ಟರೆ ಹೆಚ್ಚಿನವು ಬೆನ್ನು ತಿರುಗಿಸಿಕೊಂಡು ಸುಮ್ಮನೆ ನಿಂತಿರುತ್ತವೆ.

ಆಮೇಲೆ ಅವಳು ವಿವರಿಸಿದ್ದು ಇಷ್ಟು: ಗಂಡು ನಾಯಿಯ ಜನನಾಂಗದ ಬುಡದಲ್ಲಿ ಗಡ್ಡೆಯಂಥ ಒಂದು ಭಾಗವಿದೆ. ಬಲ್ಬಸ್ ಗ್ಲಾಂಡಿಸ್ ಅಂತಾರೆ. ಒಳಗೆಲ್ಲ ಸ್ಪಂಜಿನಂಥ ಅಂಗಾಂಶ. ಕೂಡಿದ ಮೇಲೆ ಅದರಲ್ಲಿ ರಕ್ತ ತುಂಬಿ ಊದಿಕೊಳ್ಳುತ್ತದೆ. ಅದೇ ಹೊತ್ತಿಗೆ ಹೆಣ್ಣಿನ ಸ್ನಾಯುಗಳು ಸುತ್ತ ಬಿಗಿಯುತ್ತವೆ. ರಕ್ತ ವಾಪಸ್ ಹೋಗುವ ದಾರಿ ಒತ್ತಿಹೋಗುವುದರಿಂದ ಊತ ಬೇಗ ಇಳಿಯುವುದಿಲ್ಲ. ಗಂಡು ಕೆಳಗಿಳಿದು, ಹಿಂಗಾಲು ದಾಟಿಸಿ ತಿರುಗಿ ನಿಲ್ಲುತ್ತದೆ. ಸಾಮಾನ್ಯವಾಗಿ 5ರಿಂದ 30 ನಿಮಿಷ. ಸ್ನಾಯು ಸಡಿಲವಾಗಿ ರಕ್ತ ಇಳಿದರೆ ತಾನಾಗಿಯೇ ಬಿಡುತ್ತದೆ.

ಅಣ್ಣ: ತೋಳ, ನರಿಗೂ ಹೀಗೇನಾ?

ತಂಗಿ: ಹೌದು, ಅವೂ ನಾಯಿಯ ಕುಟುಂಬದವೇ. ಬೆಕ್ಕಿಗೆ ಇಲ್ಲ.

ದೊಡ್ಡಪ್ಪ: ಪ್ರಕೃತಿ ಯಾಕೆ ಇಷ್ಟು ಕಷ್ಟದ ವ್ಯವಸ್ಥೆ ಮಾಡಿತು?

ತಂಗಿ: ಆ ಹೊತ್ತಿನಲ್ಲಿ ಪ್ರಾಸ್ಟೇಟ್ ಗ್ರಂಥಿಯ ದ್ರವ ಹರಿಯುತ್ತಿರುತ್ತದೆ. ಅದು ವೀರ್ಯವನ್ನು ಗರ್ಭಕೋಶದ ಕಡೆ ತಳ್ಳುತ್ತದೆ. ಬೇರೆ ಗಂಡುಗಳೂ ಅಷ್ಟು ಹೊತ್ತು ದೂರ.

ಚಿಕ್ಕಪ್ಪ: ಪುಣ್ಯಕ್ಕಲ್ಲ ಕಣಮ್ಮ ನಾನು ಸುರಿದದ್ದು. ಅರ್ಧಕ್ಕೇ ಬಿಡಿಸಿದರೆ ಮರಿ ಆಗಲ್ಲ ಅಂತ.

ತಂಗಿ: ಆಗುತ್ತದೆ ಚಿಕ್ಕಪ್ಪ! ವೀರ್ಯಾಣು ಜಾಸ್ತಿ ಇರುವ ಪಾಲು ಮೊದಲೇ ಒಳಗೆ ಹೋಗಿರುತ್ತದೆ. ನೀವು ನೀರು ಸುರಿದರೂ ಸುಮಾರು 63 ದಿನಕ್ಕೆ ಮರಿ ಹುಟ್ಟಬಹುದು. ಎಳೆದಾಡಿದರೆ ಹೆಣ್ಣಿಗೆ ಒಳಗೆ ಹರಿದು ರಕ್ತಸ್ರಾವ ಆಗಬಹುದು. ಗಂಡಿನ ಅಂಗದೊಳಗೆ ಮೂಳೆ ಇದೆ, ಅದೂ ಮುರಿಯಬಹುದು.

ಇಲ್ಲಿ ಚಿಕ್ಕಪ್ಪ ಸ್ವಲ್ಪ ಹೊತ್ತು ಮಾಯ. ಬದಲಿಗೆ ಚಿಕ್ಕಮ್ಮ ಬಂದರು.

ಚಿಕ್ಕಮ್ಮ: ನಮ್ಮ ಲ್ಯಾಬ್ರಡಾರ್‌ಗೆ ಖುಷಿಯಾದಾಗ ಅಲ್ಲಿ ಎರಡು ಗಂಟು ಕಾಣುತ್ತೆ. ಗಡ್ಡೆ ರೋಗ ಅಂತ ನಿದ್ದೆ ಮಾಡಿಲ್ಲ ನಾನು.

ತಂಗಿ: ಅದೇ ಇದು. ಎರಡೂ ಪಕ್ಕ ಉಬ್ಬುವುದರಿಂದ ಎರಡು ಅನ್ನಿಸುತ್ತೆ. ಸ್ವಲ್ಪ ಹೊತ್ತಿಗೆ ಇಳಿದರೆ ಚಿಂತೆ ಬೇಡ. ಅಂಗ ಹೊರಗೇ ಉಳಿದು ಒಣಗುತ್ತಿದ್ದರೆ ಮಾತ್ರ ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ.

ಅತ್ತೆ: ರಾಮ ರಾಮ. ಸರಿ, ಇಷ್ಟು ಹೇಳಿದೆಯಲ್ಲ, ಒಂದು ಹೆಣ್ಣು ನಾಯಿಗೆ ಹತ್ತು ಗಂಡು ಎಲ್ಲಿಂದ ಬರುತ್ತವೆ ಅದನ್ನೂ ಹೇಳು.

(ವಿಷಯ ಬೇಡ ಅಂದವರು ಇವರೇ.)

ತಂಗಿ: ವಾಸನೆ ಅತ್ತೆ. ಬೆದೆಗೆ ಬಂದ ಹೆಣ್ಣಿನ ಮೂತ್ರದ ವಾಸನೆ. ಮೂಗಿನಿಂದ ಸಣ್ಣ ನರಗಳು ಜರಡಿಯಂಥ ಮೂಳೆಯ ತೂತುಗಳಲ್ಲಿ ಮೇಲೆ ಹೋಗಿ ಮಿದುಳಿನ ಮುಂದಿರುವ ಎರಡು ಗಡ್ಡೆಗಳಿಗೆ ಸೇರುತ್ತವೆ. ಆಲ್ಫ್ಯಾಕ್ಟರಿ ಬಲ್ಬ್. ನಮಗೂ ಇವೆ, ನಾಯಿಯದು ದೊಡ್ಡದು.

ದೊಡ್ಡಪ್ಪ: ಹಾಗಾದರೆ ನಾಯಿ ಹೆಚ್ಚಾಗುವುದನ್ನು ನೋಡುತ್ತಾ ಕೂರಬೇಕಾ? ಮಕ್ಕಳು ಸ್ಕೂಲಿಗೆ ಹೋಗಲು ಹೆದರುತ್ತವೆ.

ನನಗೂ ಇದೇ ನಿಜವಾದ ಪ್ರಶ್ನೆ ಅನ್ನಿಸಿತು. ಬಕೆಟ್ ಹಿಡಿಯುವವರೆಲ್ಲ ಕ್ರೂರಿಗಳಲ್ಲ. ರಾತ್ರಿಯಿಡೀ ಬೊಗಳಾಟ ಕೇಳಿ ಸಾಕಾದವರೂ ಇದ್ದಾರೆ.

ತಂಗಿ: ಮರಿ ಆಗದಂತೆ ಆಪರೇಷನ್ ಮಾಡಿಸಬೇಕು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಅದು ಸ್ಥಳೀಯ ಸಂಸ್ಥೆಯ ಕೆಲಸ. ಹಿಡಿದು, ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕುತ್ತಾರೆ.

ಚಿಕ್ಕಪ್ಪ: ಗಂಡಿಗೆ ಮಾಡಿದರೆ ಸಾಕಲ್ವಾ? ಖರ್ಚು ಕಡಿಮೆ.

ತಂಗಿ: ಒಂದು ಗಂಡು ತಪ್ಪಿಸಿಕೊಂಡರೂ ಇಡೀ ಬೀದಿಯ ಹೆಣ್ಣು ನಾಯಿಗಳು ಮರಿ ಹಾಕುತ್ತವೆ. ಹೆಣ್ಣನ್ನು ಬಿಡಬಾರದು. ಆಪರೇಷನ್ ಆದ ಗಂಡಿನಿಂದಲೂ ಮೊದಲ ಕೆಲವು ವಾರ ಮರಿ ಆಗಬಹುದು.

ದೊಡ್ಡಪ್ಪ: ನಗರಸಭೆಗೆ ಅರ್ಜಿ ಯಾರು ಬರೆಯುತ್ತೀರಿ?

ಚಿಕ್ಕಪ್ಪ: ಅಣ್ಣ, ನಿಮ್ಮ ಅಕ್ಷರ ಚೆನ್ನಾಗಿದೆ.

ದೊಡ್ಡಪ್ಪ: ಬರೆಯುತ್ತೇನೆ. ನೀನು ಬಕೆಟ್ ಬಿಟ್ಟು ಸಹಿ ಹಾಕಲು ಬಾ. ಆ ಗಡ್ಡೆ ವಿಷಯ ಮಾತ್ರ ನಾನು ಅರ್ಜಿಯಲ್ಲಿ ಬರೆಯುವುದಿಲ್ಲ.