ಅಪ್‌ಡೇಟ್: ಶೀಟ್ ಹಾಕಿ ಆಯಿತು, ಮಳೆ ಸದ್ದು ಇಳಿಯಿತು, ಟೈರಿನದ್ದು ಇಲ್ಲ

ಉಡುಪಿಯಿಂದ ಮಂಗಳೂರಿಗೆ ದಿನಾ ಓಡಿಸುವ ಕಾರಿನೊಳಗೆ ಸದ್ದು ಜಾಸ್ತಿ, ತಗಡಿಗೆ ಒಳಗಿನಿಂದ ಅಂಟಿಸುವ ಡ್ಯಾಂಪಿಂಗ್ ಶೀಟ್ ಹಾಕಿದರೆ ಪ್ರಯೋಜನ ಇದೆಯಾ ಅಂತ ಕೇಳಿದ್ದೆ ಅಲ್ವಾ? ಹಾಕಿ ಆಯಿತು. ಭಾವ ಜೊತೆಗಿದ್ದರು, ಎರಡು ಭಾನುವಾರ ಹಿಡಿಯಿತು.

ನಾಲ್ಕು ಡೋರು ಮತ್ತು ರೂಫಿಗೆ 2 ಮಿ.ಮೀ. ಬ್ಯುಟೈಲ್ ಶೀಟ್ (ಒಂದು ಬದಿ ಅಂಟುವ ರಬ್ಬರ್, ಇನ್ನೊಂದು ಬದಿ ಅಲ್ಯೂಮಿನಿಯಂ ಫಾಯಿಲ್). ತಗಡು ಪೂರ್ತಿ ಮುಚ್ಚಬೇಕಾಗಿಲ್ಲ, ನಡುವಿನ ಅಗಲ ಜಾಗಕ್ಕೆ ಅಂಟಿಸಿದರೂ ಸಾಕು, ಯಾಕೆಂದರೆ ಅದರ ಕೆಲಸ ತಗಡಿನ ನಡುಕ ನಿಲ್ಲಿಸುವುದು. ಮೊದಲು ಎಣ್ಣೆ, ಧೂಳು ಚೆನ್ನಾಗಿ ಒರೆಸಿ, ಆಮೇಲೆ ಫಾಯಿಲ್ ಮೇಲಿನ ಉಬ್ಬುಗಳು ಚಪ್ಪಟೆಯಾಗುವವರೆಗೆ ರೋಲರ್‌ನಿಂದ ಒತ್ತಿ. ಡೋರಿನ ತಳದಲ್ಲಿ ನೀರು ಇಳಿಯುವ ತೂತು ಮಾತ್ರ ಮುಚ್ಚಬೇಡಿ, ನಮ್ಮ ಮಳೆಗೆ ತುಕ್ಕು ಹಿಡಿಯುತ್ತದೆ.

ಈಗ ಡೋರು ಹಾಕಿದರೆ ಟಣ್ ಅನ್ನುವುದಿಲ್ಲ, ದಪ್ ಅನ್ನುತ್ತದೆ. ಮೊನ್ನೆ ಪಡುಬಿದ್ರಿ ಹತ್ತಿರ ಜೋರು ಮಳೆ ಬಂತು, ಮೊದಲು ರೂಫ್ ಮೇಲೆ ಡೋಲು ಬಡಿದ ಹಾಗೆ ಕೇಳುತ್ತಿದ್ದದ್ದು ಈಗ ಮೊರದಲ್ಲಿ ಅಕ್ಕಿ ಕೇರಿದಷ್ಟೇ, ಹಿಂದೆ ಕೂತಿದ್ದ ಅಮ್ಮನ ಮಾತು ಪೂರ್ತಿ ಕೇಳಿಸಿತು. ತುಂಬ ಖುಷಿಯಾಯಿತು.

ಹೈವೇಯಲ್ಲಿ ಟೈರಿನ ಗುಂಯ್ ಮಾತ್ರ ಹಾಗೇ ಇದೆ. ಅದು ಕಾರಿನ ನೆಲ ಮತ್ತು ವೀಲ್ ಆರ್ಚಿನಿಂದ (ಚಕ್ರದ ಮೇಲಿನ ಕಮಾನು ತಗಡು) ಬರುವುದು. ಮಳೆ ಬಿಟ್ಟ ಮೇಲೆ ಕಾರ್ಪೆಟ್ ಎತ್ತಿ ಅಲ್ಲಿಗೂ ಹಾಕುತ್ತೇನೆ.