ಸಹಾಯ ಬೇಕು: ತಂಗಿ ಹೆಸರಲ್ಲಿ ನಕಲಿ ಖಾತೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಫಸ್ಟ್ ಪಿಯುಸಿ, 16 ವರ್ಷ. ಯಾರೋ ಅವಳ ಸ್ಪೋರ್ಟ್ಸ್ ಡೇ ಫೋಟೊ ಹಾಕಿ ಇನ್‌ಸ್ಟಾದಲ್ಲಿ ನಕಲಿ ಖಾತೆ ತೆರೆದು, ಕ್ಲಾಸಿನವರಿಗೆಲ್ಲ ರಿಕ್ವೆಸ್ಟ್ ಕಳಿಸಿದ್ದಾರೆ. ಫೋಟೊ ಕೆಳಗೆ ಬರೆದಿರೋದನ್ನ ಇಲ್ಲಿ ಹೇಳೋಕಾಗಲ್ಲ. ಮೂರು ದಿನದಿಂದ ಕಾಲೇಜಿಗೆ ಹೋಗಿಲ್ಲ. ತಟ್ಟೆ ಮುಂದೆ ಕೂತಿದ್ರೂ ಫೋನ್ ಟಣ್ ಅಂದ್ರೆ ಬೆಚ್ಚಿ ಬೀಳ್ತಾಳೆ.

ಗಾಬರಿಯಲ್ಲಿ ಮೊದಲು ಬಂದ ಮೆಸೇಜೆಲ್ಲ ಡಿಲೀಟ್ ಮಾಡಿಬಿಟ್ಟಿದ್ದಾಳೆ. ಉಳಿದಿದ್ದಕ್ಕೆ ನಾನೇ ಸ್ಕ್ರೀನ್‌ಶಾಟ್ ತೆಗೆದಿಟ್ಟೆ, ಖಾತೆಯ ಲಿಂಕ್, ತಾರೀಖು, ಟೈಮ್ ಸಮೇತ. ರಿಪ್ಲೈ ಮಾಡಬೇಡ ಅಂದಿದ್ದೀನಿ. ಅವಳ ಖಾತೆ ಪ್ರೈವೇಟ್ ಮಾಡಿ, ಪಾಸ್‌ವರ್ಡ್ ಬದಲಿಸಿ, ನಕಲಿ ಖಾತೆಯನ್ನ ರಿಪೋರ್ಟ್ ಮಾಡಿದ್ದೂ ಆಯ್ತು.

ಅಪ್ಪ "ಮೊದಲು ಆ ಮೊಬೈಲ್ ಕಿತ್ಕೋ" ಅಂತಾರೆ. ಈ ಮಾತಿಗೇ ಹೆದರಿ ಅವಳು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ!

ಈಗ ಗೊತ್ತಾಗಬೇಕಿರೋದು: ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಮಹಿಳೆಯರು, ಮಕ್ಕಳ ವಿಭಾಗದಲ್ಲಿ ದೂರು ಹಾಕಿದ್ರೆ ಸಾಕಾ, ಇಲ್ಲಾ ಸೈಬರ್ ಅಪರಾಧದ ಕೇಸ್ ನೋಡೋ ಜಿಲ್ಲೆಯ ಸೆನ್ (CEN) ಪೊಲೀಸ್ ಠಾಣೆಗೂ ಹೋಗಬೇಕಾ? 1930 ಸಹಾಯವಾಣಿ ಆನ್‌ಲೈನ್ ದುಡ್ಡಿನ ಮೋಸಕ್ಕೆ ಅಂತ ಗೊತ್ತು. ಇಂಥ ವಿಷಯಕ್ಕೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದವರು ಯಾರಾದ್ರೂ ಇದ್ದೀರಾ? ಪ್ರಿನ್ಸಿಪಾಲರಿಗೆ ಹೇಳೋದು ಮೊದಲಾ, ಆಮೇಲಾ?

ಅವಳು ಈ ಗ್ರೂಪ್ ನೋಡಲ್ಲ, ಆದ್ರೂ ಊರು, ಕಾಲೇಜು ಕೇಳಬೇಡಿ ದಯವಿಟ್ಟು.